ಹಿತ್ತಿಲ ಬಾಗಿಲಿನಿಂದ ಬರುವ ಔಷಧ

ಶಸ್ತ್ರಚಿಕಿತ್ಸೆ ಮುಗಿದು, ಅರಿವಳಿಕೆಯ ಮಬ್ಬು ಇನ್ನೂ ಪೂರ್ತಿಯಾಗಿ ಹರಿಯದಿರುವ ರೋಗಿಯನ್ನು ಥಿಯೇಟರಿನಿಂದ ವಾರ್ಡಿಗೆ ಸಾಗಿಸುವ ಮುನ್ನ, ಅಥವಾ ಸಿಸೇರಿಯನ್ ಆದ ಬಾಣಂತಿ ರಾತ್ರಿಯೆಲ್ಲ ನೋವಿನಿಂದ ನಿದ್ದೆಗೆಡಬಾರದೆಂಬ ಕಾಳಜಿಯಿಂದ, ಕಿರುಬೆರಳಿನ ತುದಿಯಷ್ಟು ಗಾತ್ರದ, ನುಣುಪಾದ, ಒಂದು ಕೊನೆ ಚೂಪಾಗಿರುವ ಗುಳಿಗೆಯೊಂದನ್ನು ಗುದದ್ವಾರದೊಳಗೆ ಇಡುವುದು ನಮ್ಮ ಆಸ್ಪತ್ರೆಗಳಲ್ಲಿ ದಿನನಿತ್ಯದ ಪದ್ಧತಿ. ಮನೆಯವರಿಗೆ ಅದರ ಪರಿಚಯವಾಗುವುದು ಬಹುಮಟ್ಟಿಗೆ ಔಷಧದ ಅಂಗಡಿಯ ಬಿಲ್ಲಿನಲ್ಲಿ ಕಾಣುವ 'ಡೈಕ್ಲೊಫೆನಾಕ್ ಸಪೊಸಿಟರಿ, ೧೦೦ ಮಿಲಿಗ್ರಾಂ' ಎಂಬ ಒಂದು ಸಾಲಿನಿಂದ. ಅದನ್ನು ಎಲ್ಲಿ ಇಡುತ್ತಾರೆಂಬುದು ತಿಳಿದ ಮೇಲೆ ಸಂಕೋಚವುಂಟಾಗಿ ಮುಂದಿನ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಸಂಕೋಚವೇನೋ ಸಹಜವೇ, ಆದರೆ ಅದರ ಮರೆಯಲ್ಲಿ ಒಂದು ತಪ್ಪು ತಿಳಿವಳಿಕೆ ಸುಖವಾಗಿ ಬೆಳೆದು ನಿಂತಿದೆ. ನೋವಿನ ಮಾತ್ರೆಯನ್ನು ನುಂಗಿದರೆ ಹೊಟ್ಟೆಯುರಿ, ಗ್ಯಾಸ್ಟ್ರಿಕ್, ಹುಣ್ಣು; ಇದು ಹೊಟ್ಟೆಗೇ ಹೋಗುವುದಿಲ್ಲವಾದ್ದರಿಂದ ಇದರಿಂದ ಯಾವ ಬಾಧೆಯೂ ಇಲ್ಲ ಎಂಬುದೇ ಆ ತಿಳಿವಳಿಕೆ. ವಿದ್ಯಾವಂತರೂ ಹೀಗೆ ಹೇಳುವುದನ್ನು ಕೇಳಿದ್ದೇನೆ. ಮುಂಬಾಗಿಲನ್ನು ಬಿಟ್ಟು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ ನೆಂಟನು ಮನೆಯೊಳಗೆ ಕಾಲಿಟ್ಟ ಬಳಿಕ ನಡೆದುಕೊಳ್ಳುವುದು ತನ್ನ ಸ್ವಭಾವದಂತೆಯೇ ಹೊರತು ಬಾಗಿಲಿನ ಸ್ವಭಾವದಂತೆ ಅಲ್ಲವಷ್ಟೆ. ಉರಿಯೂತವನ್ನು ಶಮನಗೊಳಿಸುವ ಈ ಔಷಧಗಳ ವಿಷಯವೂ ಅದೇ.

ಔಷಧವನ್ನು ಈ ಮಾರ್ಗದಿಂದ ಕೊಡುವುದು ಹೊಸ ಸಂಗತಿಯೇನಲ್ಲ. ನಮ್ಮ ಆಯುರ್ವೇದದ ಪ್ರಾಚೀನ ಸಂಹಿತೆಗಳಲ್ಲಿ ಗುದದ್ವಾರದಿಂದ ದ್ರವವನ್ನೇರಿಸುವ ಬಸ್ತಿಯ ಜೊತೆಯಲ್ಲಿಯೇ ಫಲವರ್ತಿಯ, ಎಂದರೆ ಸಪೊಸಿಟರಿಯಂತೆ ಗುದದೊಳಗೆ ಇಡುವ ವರ್ತಿಯ, ಪ್ರಸ್ತಾಪವಿದೆ; ಗ್ರೀಕರ ವೈದ್ಯದಲ್ಲಿಯೂ ಇಂಥ ವರ್ತಿಗಳಿದ್ದವು. ಆದರೆ ಅವುಗಳಲ್ಲಿ ಬಹುಪಾಲು ಮಲಬದ್ಧತೆಯನ್ನು ಬಿಡಿಸುವುದಕ್ಕಾಗಿ ಬಳಸಿದಂಥವು. ಹದಿನೆಂಟನೆಯ ಶತಮಾನದಲ್ಲಿ ಆಂಟ್ವಾನ್ ಬೊಮೆ ಎಂಬ ಫ್ರೆಂಚ್ ರಸಾಯನಜ್ಞನು ಕೋಕೋ ಬೀಜದ ಬೆಣ್ಣೆಯನ್ನು ವರ್ತಿಗೆ ಆಧಾರದ್ರವ್ಯವಾಗಿ ಬಳಕೆಗೆ ತಂದ ಮೇಲೆ ಈ ಕಲೆ ಹೊಸ ದಾರಿ ಹಿಡಿಯಿತು. ಕೈಯಲ್ಲಿ ಗಟ್ಟಿಯಾಗಿದ್ದು ಶರೀರದ ಉಷ್ಣದಲ್ಲಿ ಕರಗುವ ಗುಣ ಆ ಬೆಣ್ಣೆಗೆ ಹುಟ್ಟಿನಿಂದ ಬಂದದ್ದು. ಈಗ ಅದರ ಸ್ಥಾನವನ್ನು ಬಹುಮಟ್ಟಿಗೆ ಸಂಸ್ಕರಿಸಿದ ಗಟ್ಟಿ ಕೊಬ್ಬುಗಳು ಆಕ್ರಮಿಸಿಕೊಂಡಿವೆಯಾದರೂ ತತ್ತ್ವ ಮಾತ್ರ ಅದೇ. ಆದ್ದರಿಂದಲೇ ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಅಂಗಡಿಯಿಂದ ಮನೆಗೆ ತರುವಷ್ಟರಲ್ಲಿ ವರ್ತಿಯು ಹೊದಿಕೆಯೊಳಗೆ ಎಣ್ಣೆಯಾಗಿ ಹೋಗುವುದುಂಟು. ಹಾಗೆ ಕರಗಿ ಮತ್ತೆ ಹೆಪ್ಪುಗಟ್ಟಿದ ವರ್ತಿಯಲ್ಲಿ ಔಷಧವು ಎಲ್ಲೆಡೆಯೂ ಸಮನಾಗಿ ಹರಡಿರುವುದೆಂಬ ಭರವಸೆಯಿಲ್ಲ.

ಈ ವರ್ತಿಗಳಲ್ಲಿ ಇಂದು ಹೆಚ್ಚಾಗಿ ಕಾಣುವ ಉರಿಯೂತಶಾಮಕಗಳೆಂದರೆ ಡೈಕ್ಲೊಫೆನಾಕ್ ಮತ್ತು ಇಂಡೊಮೆಥಾಸಿನ್. ಮೊದಲನೆಯದು ಸ್ವಿಟ್ಜರ್ಲೆಂಡಿನ ಪ್ರಯೋಗಶಾಲೆಯಲ್ಲಿ ೧೯೬೦ರ ದಶಕದಲ್ಲಿ ರೂಪುಗೊಂಡು ೧೯೭೪ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದಿತು. ಎರಡನೆಯದು ಅದಕ್ಕಿಂತ ಸುಮಾರು ಹತ್ತು ವರ್ಷ ಹಿರಿಯದು. ಇವು ನೋವನ್ನು ಹೇಗೆ ಇಳಿಸುತ್ತವೆಂಬುದು ಬಹುಕಾಲ ರಹಸ್ಯವಾಗಿಯೇ ಉಳಿದಿತ್ತು. ಇವುಗಳ ಹಿರಿಯಣ್ಣನಾದ ಆಸ್ಪಿರಿನ್ ೧೮೯೯ರಿಂದ ಲೋಕದ ಕೈಯಲ್ಲಿದ್ದರೂ ಅದರ ಗುಟ್ಟನ್ನು ಒಡೆದವನು ೧೯೭೧ರಲ್ಲಿ, ಇಂಗ್ಲೆಂಡಿನ ಜಾನ್ ವೇನ್. ಪೆಟ್ಟಾದ, ಸೋಂಕಾದ, ಕೆರಳಿದ ಅಂಗಾಂಶಗಳಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ಸ್ನಿಗ್ಧದ್ರವ್ಯಗಳು ಹುಟ್ಟಿ, ಅವು ರಕ್ತನಾಳಗಳನ್ನು ಹಿಗ್ಗಿಸಿ, ಊತವನ್ನು ತಂದು, ನೋವಿನ ನರಗಳನ್ನು ಚುರುಕುಗೊಳಿಸುತ್ತವೆ. ಆಸ್ಪಿರಿನ್ ಮತ್ತು ಅದರ ಬಳಗದ ಔಷಧಗಳು ಈ ದ್ರವ್ಯವನ್ನು ತಯಾರಿಸುವ ಕಿಣ್ವವನ್ನೇ ಸ್ತಬ್ಧಗೊಳಿಸುತ್ತವೆ ಎಂದು ಆತನು ತೋರಿಸಿಕೊಟ್ಟನು. ಅದಕ್ಕಾಗಿ ೧೯೮೨ರಲ್ಲಿ ಬೆರ್ಗ್‌ಸ್ಟ್ರಾಮ್ ಮತ್ತು ಸ್ಯಾಮುಯೆಲ್ಸನ್ ಎಂಬ ಇಬ್ಬರು ಸ್ವೀಡನ್ನಿನ ವಿಜ್ಞಾನಿಗಳೊಡನೆ ನೊಬೆಲ್ ಪಾರಿತೋಷಿಕವೂ ಬಂದಿತು.

ಆದರೆ ಪ್ರೋಸ್ಟಗ್ಲಾಂಡಿನ್ನುಗಳು ಕೇವಲ ನೋವಿನ ದೂತರಾಗಿದ್ದರೆ ಈ ಲೇಖನದ ಆವಶ್ಯಕತೆಯೇ ಇರುತ್ತಿರಲಿಲ್ಲ. ಜಠರದ ಒಳಗೋಡೆಯು ತಾನೇ ಸ್ರವಿಸುವ ಆಮ್ಲದಿಂದ ತಾನೇ ಸುಟ್ಟುಹೋಗದಂತೆ ಲೋಳೆಯ ಹೊದಿಕೆಯನ್ನೂ ಕ್ಷಾರದ ಪದರವನ್ನೂ ಸದಾಕಾಲ ಹೊಸದಾಗಿ ಒದಗಿಸುವುದು ಇವುಗಳ ಕೆಲಸ. ಶರೀರದಲ್ಲಿ ನೀರು ಕಡಿಮೆಯಾದಾಗ, ರಕ್ತದ ಒತ್ತಡ ತಗ್ಗಿದಾಗ, ಮೂತ್ರಪಿಂಡಕ್ಕೆ ಹೋಗುವ ನಾಳವನ್ನು ತೆರೆದಿಟ್ಟು ಅದು ಬತ್ತದಂತೆ ಕಾಯುವುದೂ ಇವುಗಳ ಕೆಲಸ. ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್‌ಗಳು) ಗಾಯದ ಬಾಯಲ್ಲಿ ಅಂಟಿಕೊಳ್ಳುವಲ್ಲಿಯೂ, ಗರ್ಭಾಶಯದ ಸಂಕೋಚದಲ್ಲಿಯೂ, ಹೊಟ್ಟೆಯಲ್ಲಿರುವ ಶಿಶುವಿನ ಹೃದಯದ ಬಳಿಯ ಒಂದು ನಾಳವನ್ನು ತೆರೆದಿಡುವಲ್ಲಿಯೂ ಇವುಗಳ ಕೈವಾಡವಿದೆ. ಔಷಧಕ್ಕೆ ಒಳ್ಳೆಯ ಪ್ರೋಸ್ಟಗ್ಲಾಂಡಿನ್, ಕೆಟ್ಟ ಪ್ರೋಸ್ಟಗ್ಲಾಂಡಿನ್ ಎಂಬ ವಿವೇಚನೆಯಿಲ್ಲ. ಮಂಡಿಯ ಊತವನ್ನು ಇಳಿಸಲು ಹೊರಟದ್ದು ದಾರಿಯಲ್ಲಿ ಜಠರದ ಲೋಳೆಯನ್ನೂ ತಗ್ಗಿಸಿಯೇ ಮುಂದೆ ಹೋಗುತ್ತದೆ.

ಇಷ್ಟನ್ನು ತಿಳಿದರೆ ವರ್ತಿಯ ಬಗ್ಗೆ ಇರುವ ಭ್ರಮೆಯ ಮೂಲವೂ ತಿಳಿಯುತ್ತದೆ. ಮಾತ್ರೆಯು ಜಠರದ ಗೋಡೆಗೆ ಎರಡು ಬಗೆಯಿಂದ ಕೇಡು ಮಾಡುತ್ತದೆ: ತನ್ನ ಆಮ್ಲಗುಣದಿಂದ ಅಲ್ಲಿಯೇ ಅಂಟಿ ಕೆರಳಿಸುವುದು ಒಂದು, ಕರುಳಿನಲ್ಲಿ ಹೀರಲ್ಪಟ್ಟು, ರಕ್ತವನ್ನು ಸೇರಿ, ಆ ರಕ್ತವೇ ಸುತ್ತಿಕೊಂಡು ಬಂದು ಜಠರದ ಜೀವಕೋಶಗಳನ್ನು ತಲಪಿದಾಗ ಅವುಗಳ ರಕ್ಷಣಾದ್ರವ್ಯದ ಉತ್ಪತ್ತಿಯನ್ನು ನಿಲ್ಲಿಸುವುದು ಇನ್ನೊಂದು. ವರ್ತಿಯಿಂದ ತಪ್ಪುವುದು ಮೊದಲನೆಯದು ಮಾತ್ರ. ಹುಣ್ಣಾಗುವುದಕ್ಕೂ ರಕ್ತಸ್ರಾವವಾಗುವುದಕ್ಕೂ ಮುಖ್ಯ ಹೊಣೆ ಎರಡನೆಯದರದು. ಇದೇ ಔಷಧಗಳನ್ನು ಸೂಜಿಯಿಂದ ನೇರವಾಗಿ ರಕ್ತಕ್ಕೆ ಕೊಟ್ಟಾಗಲೂ ಜಠರದಲ್ಲಿ ಹುಣ್ಣಾಗುವುದು ಇದಕ್ಕೆ ಸಾಕ್ಷಿ. ಆದ್ದರಿಂದಲೇ ಹಿಂದೆ ಹುಣ್ಣಿನಿಂದ ರಕ್ತ ಕಾರಿದವರಿಗೆ, ಅರುವತ್ತೈದು ದಾಟಿದವರಿಗೆ, ಸ್ಟೀರಾಯ್ಡನ್ನೋ, ರಕ್ತ ಹೆಪ್ಪುಗಟ್ಟದಂತೆ ಮಾಡುವ ವಾರ್ಫರಿನ್ನನ್ನೋ, ಹೃದಯಕ್ಕಾಗಿ ದಿನಕ್ಕೊಂದು ಪುಟ್ಟ ಆಸ್ಪಿರಿನ್ನನ್ನೋ ಸೇವಿಸುವವರಿಗೆ ಮಾತ್ರೆಯ ವಿಷಯದಲ್ಲಿ ಹೇಳುವ ಎಚ್ಚರಿಕೆಯನ್ನೆಲ್ಲ ವರ್ತಿಯ ವಿಷಯದಲ್ಲಿಯೂ ಒಂದಕ್ಷರ ಬಿಡದೆ ಹೇಳಬೇಕಾಗುತ್ತದೆ. ವೃದ್ಧರಲ್ಲಿ ಈ ಹುಣ್ಣು ಹಲವೊಮ್ಮೆ ನೋವನ್ನೇ ತೋರದೆ ಬೆಳೆದು, ಮಲವು ಡಾಂಬರಿನ ಬಣ್ಣಕ್ಕೆ ತಿರುಗಿದ ದಿನವೇ ಮೊದಲು ಗೊತ್ತಾಗುವುದು; ನೋವನ್ನು ಮರೆಯಿಸುವ ಔಷಧವೇ ತಾನು ಮಾಡಿದ ಹುಣ್ಣಿನ ನೋವನ್ನೂ ಮರೆಯಿಸುವುದು ಅದರ ಒಂದು ಕುಹಕ.

ಇಲ್ಲಿ ಗುದನಾಳದ ರಚನೆಯನ್ನು ಕೊಂಚ ನೋಡಬೇಕು. ಹನ್ನೆರಡರಿಂದ ಹದಿನೈದು ಸೆಂಟಿಮೀಟರು ಉದ್ದದ ಈ ಭಾಗದಲ್ಲಿ ಸಣ್ಣಕರುಳಿನಲ್ಲಿರುವಂತೆ ಹೀರುವ ರೋಮಾಂಕುರಗಳಿಲ್ಲ. ಇರುವ ದ್ರವವೂ ಒಂದೆರಡು ಚಮಚೆಗಿಂತ ಕಡಿಮೆ. ಆದರೂ ರಕ್ತನಾಳಗಳು ಸಮೃದ್ಧವಾಗಿರುವುದರಿಂದ ಕರಗಿದ ಔಷಧವು ಬೇಗನೆ ಒಳಸೇರುತ್ತದೆ. ಡೈಕ್ಲೊಫೆನಾಕ್ ವರ್ತಿಯನ್ನಿಟ್ಟ ಸುಮಾರು ಒಂದು ಗಂಟೆಯೊಳಗೆ ರಕ್ತದಲ್ಲಿ ಅದರ ಅಂಶ ಪರಾಕಾಷ್ಠೆಗೆ ಮುಟ್ಟುತ್ತದೆ. ಗುದನಾಳದ ಮೇಲ್ಭಾಗದ ಸಿರೆಗಳು ರಕ್ತವನ್ನು ಯಕೃತ್ತಿಗೆ ಒಯ್ಯುತ್ತವೆ. ಮಧ್ಯ ಮತ್ತು ಕೆಳಭಾಗದ ಸಿರೆಗಳು ಯಕೃತ್ತನ್ನು ತಪ್ಪಿಸಿ ನೇರವಾಗಿ ಹೃದಯದ ದಾರಿ ಹಿಡಿಯುತ್ತವೆ. ನುಂಗಿದ ಔಷಧದಲ್ಲಿ ದೊಡ್ಡ ಪಾಲು ಯಕೃತ್ತಿನ ಮೊದಲ ತಪಾಸಣೆಯಲ್ಲಿಯೇ ನಾಶವಾಗುವುದರಿಂದ, ವರ್ತಿಯು ಆ ಸುಂಕದ ಕಟ್ಟೆಯನ್ನು ತಪ್ಪಿಸಿಕೊಳ್ಳುತ್ತದೆಂಬ ಮಾತು ಪಠ್ಯಪುಸ್ತಕಗಳಲ್ಲಿದೆ. ಮಾತು ಸುಳ್ಳಲ್ಲ, ಆದರೆ ವರ್ತಿಯು ಇಟ್ಟಲ್ಲಿಯೇ ಇರದೆ ಮೇಲಕ್ಕೆ ಜಾರುವುದರಿಂದಲೂ, ಸಿರೆಗಳು ಒಂದರೊಡನೊಂದು ಹೆಣೆದುಕೊಂಡಿರುವುದರಿಂದಲೂ ಡೈಕ್ಲೊಫೆನಾಕಿನ ಮಟ್ಟಿಗೆ ಈ ಲಾಭ ಕಾಗದದ ಮೇಲಿದ್ದಷ್ಟು ದೇಹದಲ್ಲಿ ಕಾಣುವುದಿಲ್ಲ. ನುಂಗಿದರೂ, ವರ್ತಿಯಾಗಿ ಇಟ್ಟರೂ ರಕ್ತಕ್ಕೆ ಒಟ್ಟು ಸೇರುವುದು ಸೂಜಿಯಿಂದ ಕೊಟ್ಟದ್ದರ ಅರ್ಧದಷ್ಟೇ. ಅಂದಮೇಲೆ ಮಾತ್ರೆಯ ಶಕ್ತಿಯೂ ವರ್ತಿಯ ಶಕ್ತಿಯೂ ಒಂದೇ. ಶಕ್ತಿ ಒಂದೇ ಆದಮೇಲೆ ರಕ್ತವನ್ನು ಸೇರಿ ಮಾಡುವ ಕೇಡೂ ಒಂದೇ.

ವರ್ತಿಗೇ ಮೀಸಲಾದ ಕೇಡುಗಳೂ ಇವೆ. ಇಟ್ಟ ಕೆಲವು ನಿಮಿಷಗಳಲ್ಲಿ ಉರಿ, ತುರಿಕೆ, ಮಲವಿಸರ್ಜನೆಗೆ ಹೋಗಲೇಬೇಕೆಂಬ ತವಕ, ಹೋದರೆ ಏನೂ ಇಲ್ಲದ ವ್ಯರ್ಥ ತಿಣುಕಾಟ, ಕರಗಿದ ಕೊಬ್ಬು ಬಟ್ಟೆಗೆ ಸೋರುವುದು ಇವು ಸಾಮಾನ್ಯ. ಒಂದೆರಡು ದಿನದಲ್ಲಿ ತಾವಾಗಿಯೇ ಶಮನವಾಗುತ್ತವೆ. ಆದರೆ ಸಂಧಿವಾತದವರು ಮಾಡುವಂತೆ ವಾರಗಟ್ಟಲೆ, ತಿಂಗಳುಗಟ್ಟಲೆ ಪ್ರತಿ ರಾತ್ರಿಯೂ ಇಡುತ್ತ ಹೋದರೆ ಗುದನಾಳದ ಒಳಪದರವೇ ಕೆರಳಿ ಕೆಂಪಾಗಿ, ಅಲ್ಲಿ ಹುಣ್ಣಾಗಿ, ಮಲದೊಡನೆ ಲೋಳೆಯೂ ರಕ್ತವೂ ಬರತೊಡಗುತ್ತವೆ. ಅತಿ ವಿರಳವಾಗಿ, ದೀರ್ಘಕಾಲದ ಬಳಕೆಯಿಂದ ಹುಣ್ಣು ಮಾಗಿ ಮಾಗಿ ನಾಳವೇ ಕಿರಿದಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ನಮ್ಮವರಲ್ಲಿ ಗುದದಿಂದ ರಕ್ತ ಕಂಡರೆ ಅದು ಮೂಲವ್ಯಾಧಿಯೇ ಎಂದು ತೀರ್ಮಾನಿಸಿ ಎಲ್ಲಿಯೋ ಒಂದು ಮುಲಾಮನ್ನು ತಂದು ಹಚ್ಚುವ ಅಭ್ಯಾಸ ಬಲವಾಗಿರುವುದರಿಂದ, ಮುಲಾಮು ಒಂದು ಕಡೆ, ವರ್ತಿ ಇನ್ನೊಂದು ಕಡೆ, ಹೀಗೆ ಗಾಯ ಮಾಡುವುದೂ ಮಾಯಿಸುವುದೂ ಏಕಕಾಲದಲ್ಲಿ ನಡೆಯುವ ವಿಚಿತ್ರ ಸನ್ನಿವೇಶ ಒದಗುವುದುಂಟು. ಮೂಲವ್ಯಾಧಿ ರಕ್ತ ಸುರಿಸುತ್ತಿದ್ದರೆ, ಗುದದಲ್ಲಿ ಬಿರುಕಿದ್ದರೆ, ಗುದನಾಳದ ಉರಿಯೂತವಿದ್ದರೆ ಈ ವರ್ತಿಗಳನ್ನು ಇಡಕೂಡದೆಂಬುದು ಔಷಧದ ಜೊತೆಯ ಕಾಗದದಲ್ಲಿಯೇ ಅಚ್ಚಾಗಿರುವ ನಿಯಮ.

ಇದೇ ಪ್ರಸಂಗದಲ್ಲಿ ಇನ್ನೊಂದು ಗೊಂದಲವನ್ನು ಬಿಡಿಸಬೇಕು. ದೊಡ್ಡಕರುಳಿನ ಹುಣ್ಣಿನ ಕಾಯಿಲೆಯಿರುವವರಿಗೆ ವೈದ್ಯರು ಮೆಸಲಮೀನ್ ಎಂಬ ವರ್ತಿಯನ್ನು ಬರೆದುಕೊಡುತ್ತಾರೆ, ಅದೂ ಉರಿಯೂತಶಾಮಕವೇ. ಆದರೆ ಅದರ ಉದ್ದೇಶ ಗುದನಾಳದ ಗೋಡೆಯಲ್ಲಿಯೇ ನಿಂತು ಅಲ್ಲಿಯ ಉರಿಯನ್ನು ಆರಿಸುವುದು. ರಕ್ತವನ್ನು ಸೇರಿ ದೇಹವೆಲ್ಲ ಸುತ್ತುವುದು ಅದರ ಉದ್ದೇಶವಲ್ಲ, ಸೇರುವುದೂ ಅಲ್ಪ. ಅದರಿಂದಲೂ ಕೆಲವರಿಗೆ ತಲೆನೋವು, ಅಪರೂಪಕ್ಕೆ ಒಗ್ಗದಿಕೆ, ಇನ್ನೂ ಅಪರೂಪಕ್ಕೆ ಮೂತ್ರಪಿಂಡದ ತೊಂದರೆ ಉಂಟಾಗಬಹುದಾದರೂ, ಅದೊಂದು ಜಾತಿ, ಡೈಕ್ಲೊಫೆನಾಕ್ ಇನ್ನೊಂದು ಜಾತಿ. ಕರುಳಿನ ಹುಣ್ಣಿನ ರೋಗಿಯು ಎರಡೂ ವರ್ತಿಗಳೇ ತಾನೆ ಎಂದು ನೋವಿನ ವರ್ತಿಯನ್ನಿಟ್ಟುಕೊಂಡರೆ ಅಡಗಿದ್ದ ಕಾಯಿಲೆ ಭುಗಿಲೇಳುವ ಸಂಭವವುಂಟು.

ಮೂತ್ರಪಿಂಡದ ವಿಷಯಕ್ಕೆ ಬಂದರೆ, ಡೈಕ್ಲೊಫೆನಾಕಿನ ಉಗ್ರತೆಗೆ ನಮ್ಮ ದೇಶವೇ ಒಂದು ದೊಡ್ಡ ಸಾಕ್ಷ್ಯವನ್ನು ಒದಗಿಸಿದೆ. ಸಾಕ್ಷಿಗಳು ಮಾತ್ರ ಮನುಷ್ಯರಲ್ಲ, ರಣಹದ್ದುಗಳು. ಹಸು ಎತ್ತುಗಳ ನೋವಿಗೆ ಈ ಔಷಧವನ್ನು ಧಾರಾಳವಾಗಿ ಚುಚ್ಚತೊಡಗಿದ ಮೇಲೆ, ಅದು ಅಂಗಾಂಶಗಳಲ್ಲಿ ಉಳಿದಿರುವಾಗಲೇ ಸತ್ತ ಪಶುವಿನ ಕಳೇಬರವನ್ನು ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು, ಒಳಾಂಗಗಳ ಮೇಲೆಲ್ಲ ಯೂರಿಕ್ ಆಮ್ಲ ಬೆಳ್ಳಗೆ ಪುಡಿಗಟ್ಟಿ ಸತ್ತವು. ಮೂರು ಜಾತಿಯ ರಣಹದ್ದುಗಳು ಹದಿನೈದು ವರ್ಷಗಳ ಸುಮಾರಿಗೆ ನೂರಕ್ಕೆ ತೊಂಬತ್ತೈದಕ್ಕಿಂತಲೂ ಹೆಚ್ಚು ಇಲ್ಲವಾದವು. ಕಾರಣ ಖಚಿತವಾದದ್ದು ೨೦೦೪ರಲ್ಲಿ. ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ಭಾರತ ಸರಕಾರ ನಿಷೇಧಿಸಿದ್ದು ೨೦೦೬ರಲ್ಲಿ. ನಮ್ಮ ರಾಮನಗರದ ರಾಮದೇವರಬೆಟ್ಟವನ್ನು ೨೦೧೨ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದ್ದು ಅಳಿದುಳಿದವುಗಳಿಗಾಗಿ. ಹದ್ದಿನ ದೇಹ ಬೇರೆ, ಮನುಷ್ಯನ ದೇಹ ಬೇರೆ. ಮನುಷ್ಯನು ಈ ಔಷಧವನ್ನು ಕೆಲವೇ ಗಂಟೆಗಳಲ್ಲಿ ಕಳೆದುಕೊಳ್ಳುತ್ತಾನೆ, ಹದ್ದಿಗೆ ಅದು ಸಾಧ್ಯವಿಲ್ಲ. ಆದ್ದರಿಂದ ಈ ಕತೆಯನ್ನು ಕೇಳಿ ಯಾರೂ ಭಯಗ್ರಸ್ತರಾಗಬೇಕಿಲ್ಲ. ಆದರೆ ಮನುಷ್ಯನ ಮೂತ್ರಪಿಂಡವೂ ಕೆಲವು ಸಂದರ್ಭಗಳಲ್ಲಿ ಬಹು ದುರ್ಬಲ. ಶಸ್ತ್ರಚಿಕಿತ್ಸೆಯಲ್ಲಿ ರಕ್ತ ನಷ್ಟವಾಗಿ, ಹಿಂದಿನ ರಾತ್ರಿಯಿಂದ ನೀರೂ ಇಲ್ಲದೆ ಬಳಲಿದ ದೇಹದಲ್ಲಿ, ವಾಂತಿಭೇದಿಯಾದವರಲ್ಲಿ, ವೃದ್ಧರಲ್ಲಿ, ಮಧುಮೇಹದಿಂದ ಮೂತ್ರಪಿಂಡ ಈಗಾಗಲೇ ಸೊರಗಿದವರಲ್ಲಿ, ಅದಕ್ಕೆ ರಕ್ತ ಹರಿಯುವಂತೆ ಮಾಡುತ್ತಿರುವುದು ಬಹುಮಟ್ಟಿಗೆ ಪ್ರೋಸ್ಟಗ್ಲಾಂಡಿನ್ನೇ. ಅದನ್ನೂ ಔಷಧ ಕಿತ್ತುಕೊಂಡರೆ ಮೂತ್ರ ಇಳಿಮುಖವಾಗಿ, ಕಾಲು ಊದಿ, ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಶ್ಮಲದ್ರವ್ಯ ಏರುತ್ತದೆ. ರಕ್ತದೊತ್ತಡಕ್ಕೆಂದು ಎನಲಾಪ್ರಿಲ್ ಅಥವಾ ಟೆಲ್ಮಿಸಾರ್ಟನ್, ಅದರ ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ, ಇವುಗಳ ಮೇಲೆ ಇದೊಂದು: ಈ ಮೂರು ಒಟ್ಟುಗೂಡಿದಾಗ ಅಪಾಯ ಹೆಚ್ಚುವುದೆಂಬುದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ರೋಗಿಯು ತಾನು ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ಹೇಳಿದರೆ ತಾನೆ?

ಹೃದಯದ ವಿಷಯವೂ ಹಗುರವಲ್ಲ. ಜಠರಕ್ಕೆ ಕೇಡಿಲ್ಲದ ನೋವಿನ ಮಾತ್ರೆಯೆಂದು ಲೋಕವೆಲ್ಲ ಕೊಂಡಾಡಿದ ರೊಫೆಕಾಕ್ಸಿಬ್ ಹೃದಯಾಘಾತವನ್ನು ಹೆಚ್ಚಿಸುತ್ತದೆಂದು ತಿಳಿದು, ಅದರ ತಯಾರಕರೇ ೨೦೦೪ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಆಮೇಲೆ ಹಳೆಯ ಔಷಧಗಳನ್ನೂ ಅದೇ ಕಣ್ಣಿನಿಂದ ನೋಡಿದಾಗ, ಡೈಕ್ಲೊಫೆನಾಕ್ ಈ ವಿಷಯದಲ್ಲಿ ಅಷ್ಟೇನೂ ನಿರಪರಾಧಿಯಲ್ಲವೆಂದು ಕಂಡುಬಂದು, ಹೃದ್ರೋಗ, ಪಾರ್ಶ್ವವಾಯು, ಕಾಲಿನ ರಕ್ತನಾಳಗಳ ಕಾಯಿಲೆ ಇರುವವರು ಅದನ್ನು ಬಳಸಬಾರದೆಂದು ಐರೋಪ್ಯ ಔಷಧ ನಿಯಂತ್ರಣ ಸಂಸ್ಥೆಯು ೨೦೧೩ರಲ್ಲಿ ವಿಧಿಸಿತು. ಆ ವಿಧಿಯು ಮಾತ್ರೆಗೂ, ಸೂಜಿಗೂ, ವರ್ತಿಗೂ ಸಮಾನ. ಮೈಮೇಲೆ ಹಚ್ಚುವ ಜೆಲ್ಲಿಗೆ ಮಾತ್ರ ಅದು ಅನ್ವಯಿಸದು.

ಉಬ್ಬಸದವರ ಪೈಕಿ ಕೆಲವರಿಗೆ ಆಸ್ಪಿರಿನ್ ಬಳಗದ ಯಾವುದೇ ಔಷಧವಾಗಲಿ ತಗಲಿದ ಕೂಡಲೆ ಉಸಿರು ಕಟ್ಟುತ್ತದೆ. ಮೂಗಿನೊಳಗೆ ಮಾಂಸದ ಗಡ್ಡೆ ಬೆಳೆದವರಲ್ಲಿ ಇದು ಹೆಚ್ಚು. ಅರಿವಳಿಕೆಯ ಅಮಲಿನಲ್ಲಿ ಮಲಗಿರುವವನು ತನಗೆ ಇದು ಆಗದೆಂದು ಹೇಳಲಾರನು; ಆದ್ದರಿಂದ ಮುನ್ನಾದಿನ ವೈದ್ಯರು ಕೇಳುವ 'ಯಾವ ಮಾತ್ರೆಯಾದರೂ ಒಗ್ಗುವುದಿಲ್ಲವೆ?' ಎಂಬ ಪ್ರಶ್ನೆಗೆ, ಎಂದೋ ಒಮ್ಮೆ ತಲೆನೋವಿನ ಮಾತ್ರೆ ನುಂಗಿ ಮುಖ ಊದಿಕೊಂಡಿದ್ದನ್ನೂ ನೆನಪಿಸಿಕೊಂಡು ಉತ್ತರಿಸಬೇಕು. ಮೈಮೇಲೆ ದದ್ದು ಏಳುವುದು, ಅಪರೂಪಕ್ಕೆ ಚರ್ಮ ಸುಲಿದು ಬರುವಂಥ ಘೋರ ಪ್ರತಿಕ್ರಿಯೆ, ಯಕೃತ್ತಿನ ಪರೀಕ್ಷೆಯ ಅಂಕಿಗಳು ಏರುವುದು ಇವುಗಳಿಗೂ ವರ್ತಿ ಮಾತ್ರೆಯೆಂಬ ಭೇದವಿಲ್ಲ. ಇಂಡೊಮೆಥಾಸಿನ್‌ಗೆ ಸೇರಿದ ವಿಶೇಷವೊಂದಿದೆ: ಹಣೆಯ ಭಾಗದ ತಲೆನೋವು, ತಲೆ ಸುತ್ತು, ವೃದ್ಧರಲ್ಲಿ ಕೆಲವೊಮ್ಮೆ ಮಂಕುತನ. ರಾತ್ರಿ ಅದನ್ನಿಟ್ಟುಕೊಂಡ ಅಜ್ಜನು ಬೆಳಗ್ಗೆ ಎದ್ದು ನಾಲ್ಕು ಹೆಜ್ಜೆ ತಪ್ಪಿ ಇಟ್ಟರೆ ವಯಸ್ಸನ್ನೇ ದೂಷಿಸಬೇಕಾಗಿಲ್ಲ.

ಗರ್ಭಿಣಿಯರ ಮಾತು ಬೇರೆ. ಇಪ್ಪತ್ತು ವಾರ ದಾಟಿದ ಮೇಲೆ ಈ ಬಳಗದ ಔಷಧಗಳು ಶಿಶುವಿನ ಮೂತ್ರಪಿಂಡವನ್ನು ಮಂದಗೊಳಿಸಿ ಗರ್ಭದ ನೀರನ್ನು ಕಡಿಮೆ ಮಾಡಬಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ೨೦೨೦ರಲ್ಲಿ ಎಚ್ಚರಿಸಿತು. ಕೊನೆಯ ಮೂರು ತಿಂಗಳಲ್ಲಿಯಂತೂ ಶಿಶುವಿನ ಹೃದಯದ ಬಳಿಯಿರುವ, ಜನನದ ತನಕ ತೆರೆದಿರಬೇಕಾದ ನಾಳವು ಅಕಾಲದಲ್ಲಿ ಮುಚ್ಚಿಹೋಗುವ ಭಯವುಂಟು. ಸೃಷ್ಟಿಯ ವೈಚಿತ್ರ್ಯವೆಂದರೆ, ತಿಂಗಳು ತುಂಬುವ ಮುನ್ನ ಹುಟ್ಟಿದ ಕೂಸುಗಳಲ್ಲಿ ಇದೇ ನಾಳವು ಮುಚ್ಚದೆ ಉಳಿದಾಗ ಅದನ್ನು ಮುಚ್ಚಿಸುವುದಕ್ಕೆ ವೈದ್ಯರು ೧೯೭೬ರಿಂದ ಇದೇ ಇಂಡೊಮೆಥಾಸಿನ್ ಅನ್ನು ಕೊಡುತ್ತಿದ್ದಾರೆ. ಹೆರಿಗೆಯಾದ ಮೇಲೆ ಚಿತ್ರ ಬದಲಾಗುತ್ತದೆ: ಎದೆಹಾಲಿಗೆ ಡೈಕ್ಲೊಫೆನಾಕ್ ಹೋಗುವುದು ಅತ್ಯಲ್ಪವಾದ್ದರಿಂದ ಬಾಣಂತಿಗೆ ಕೆಲವು ದಿನ ಅದನ್ನು ಕೊಡುವುದರಲ್ಲಿ ದೋಷವಿಲ್ಲವೆಂದು ಸಾಮಾನ್ಯ ಅಭಿಪ್ರಾಯ. ಆದರೆ ಗರ್ಭಕಾಲದ ರಕ್ತದೊತ್ತಡದಿಂದ ಮೂತ್ರಪಿಂಡಕ್ಕೆ ಪೆಟ್ಟಾಗಿರುವ, ಅಥವಾ ಹೆರಿಗೆಯಲ್ಲಿ ರಕ್ತ ಬಹಳ ಹೋಗಿರುವ ಬಾಣಂತಿಯ ವಿಷಯದಲ್ಲಿ ವೈದ್ಯರು ಎರಡು ಸಲ ಯೋಚಿಸುತ್ತಾರೆ, ಯೋಚಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೂ, ಈ ವರ್ತಿಗಳಿಂದ ಆಗುವ ಅನರ್ಥಗಳಲ್ಲಿ ಹೆಚ್ಚಿನವು ಔಷಧದ ದೋಷದಿಂದಲ್ಲ, ಲೆಕ್ಕದ ದೋಷದಿಂದ ಆಗುವುವೆಂದು ನನ್ನ ಅಭಿಪ್ರಾಯ. ವಯಸ್ಕರಿಗೆ ಡೈಕ್ಲೊಫೆನಾಕಿನ ದಿನದ ಮಿತಿ, ಎಲ್ಲ ಮಾರ್ಗಗಳಿಂದ ಕೂಡಿ, ೧೫೦ ಮಿಲಿಗ್ರಾಂ. ಆಸ್ಪತ್ರೆಯಿಂದ ಮನೆಗೆ ಬಂದವರು ರಾತ್ರಿ ೧೦೦ ಮಿಲಿಗ್ರಾಮಿನ ವರ್ತಿಯೊಂದನ್ನು ಇಟ್ಟುಕೊಂಡು, ಬೆಳಗ್ಗೆ ೫೦ ಮಿಲಿಗ್ರಾಮಿನ ಮಾತ್ರೆಯೊಂದನ್ನು ನುಂಗಿದರೆ ಅಲ್ಲಿಗೆ ಮಿತಿ ಮುಗಿಯಿತು. ಆದರೆ ನಮ್ಮ ಅಂಗಡಿಗಳಲ್ಲಿ ಮಾರುವ ನೋವಿನ ಮಾತ್ರೆಗಳಲ್ಲಿ ಎಷ್ಟೋ ಮಾತ್ರೆಗಳು ಬೇರೆ ಬೇರೆ ಹೆಸರಿನಲ್ಲಿ ಪ್ಯಾರಸಿಟಮಾಲಿನೊಡನೆ ಅಥವಾ ಊತ ಇಳಿಸುವ ಇನ್ನೊಂದು ದ್ರವ್ಯದೊಡನೆ ಇದೇ ಡೈಕ್ಲೊಫೆನಾಕನ್ನು ಬೆರೆಸಿದವು. ಅದರ ಬದಲು ಅಸೆಕ್ಲೊಫೆನಾಕನ್ನು ಬೆರೆಸಿದವೂ ಇವೆ, ಅದು ಇದರ ತಮ್ಮನೇ. ಹೊದಿಕೆಯ ಮೇಲೆ ಎದ್ದು ಕಾಣುವುದು ಕಂಪೆನಿ ಇಟ್ಟ ಹೆಸರು. ಔಷಧದ ನಿಜನಾಮ ಇರುವೆಗಾಲಿನ ಅಕ್ಷರದಲ್ಲಿರುತ್ತದೆ. ಹೀಗೆ ವರ್ತಿಯೊಂದು, ವೈದ್ಯರು ಬರೆದ ಮಾತ್ರೆಯೊಂದು, ಬೆನ್ನುನೋವಿಗೆಂದು ಅಂಗಡಿಯವನು ತಾನಾಗಿ ಕೊಟ್ಟ ಮಾತ್ರೆ ಇನ್ನೊಂದು, ಮೂರೂ ಒಂದೇ ಎಂಬುದು ಗೊತ್ತಿಲ್ಲದೆಯೇ ದಿನದ ಲೆಕ್ಕ ಇಮ್ಮಡಿಯಾಗುತ್ತದೆ. ವರ್ತಿಯನ್ನು ಯಾರೂ ಮಾತ್ರೆಯ ಲೆಕ್ಕಕ್ಕೆ ಸೇರಿಸುವುದಿಲ್ಲವೆಂಬುದೇ ಈ ತಪ್ಪಿನ ಬೇರು.

ಮಳೆಗಾಲದ ಜ್ವರಗಳ ಸಂದರ್ಭದಲ್ಲಿಯೂ ಒಂದು ಮಾತನ್ನು ಹೇಳಲೇಬೇಕು. ಮಗುವಿಗೆ ಜ್ವರವೇರಿ, ಬಾಯಿಗೆ ಹಾಕಿದ್ದೆಲ್ಲ ವಾಂತಿಯಾಗುತ್ತಿರುವಾಗ ವರ್ತಿಯು ತಾಯಂದಿರಿಗೆ ವರವೇ ಸರಿ; ಆದರೆ ಅದು ಪ್ಯಾರಸಿಟಮಾಲಿನ ವರ್ತಿಯಾಗಿರಬೇಕು, ಮಗುವಿನ ತೂಕಕ್ಕೆ ತಕ್ಕುದಾಗಿರಬೇಕು. ಡೆಂಗಿಯ ಸಂದೇಹವಿರುವ ಜ್ವರದಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಇವುಗಳಲ್ಲಿ ಯಾವುದನ್ನೂ ಯಾವ ದಾರಿಯಿಂದಲೂ ಕೊಡಕೂಡದು. ಕಿರುಬಿಲ್ಲೆಗಳು ಮೊದಲೇ ಕುಸಿದಿರುವಾಗ ಅವುಗಳ ಅಂಟುಗುಣವನ್ನೂ ಕೆಡಿಸಿದರೆ ರಕ್ತಸ್ರಾವಕ್ಕೆ ಬಾಗಿಲು ತೆರೆದಂತೆ. ಪ್ಯಾರಸಿಟಮಾಲಿನದೂ ಡೈಕ್ಲೊಫೆನಾಕಿನದೂ ಎರಡೂ ಬಿಳಿಯ ವರ್ತಿಗಳೇ, ಎರಡೂ ಜ್ವರ ಇಳಿಸುವುವೇ. ಹೊದಿಕೆಯ ಮೇಲಿನ ಹೆಸರನ್ನು ಓದುವ ತಾಳ್ಮೆಯೊಂದೇ ಅವುಗಳ ಭೇದವನ್ನು ತಿಳಿಸಬಲ್ಲದು.

ದೋಷಗಳನ್ನೇ ಹೇಳಿ ಗುಣವನ್ನು ಮುಚ್ಚಿಟ್ಟರೆ ಅದು ಅನ್ಯಾಯವಾದೀತು. ನುಂಗಲಾರದವರಿಗೆ, ವಾಂತಿ ನಿಲ್ಲದವರಿಗೆ, ಅರಿವಳಿಕೆಯಿಂದ ಏಳುತ್ತಿರುವವರಿಗೆ ವರ್ತಿಗಿಂತ ಸುಲಭವಾದ ಮಾರ್ಗ ಕಡಿಮೆ. ಪೃಷ್ಠಕ್ಕೆ ಚುಚ್ಚುವ ಡೈಕ್ಲೊಫೆನಾಕ್ ಸೂಜಿಯಿಂದ ಆಗಬಹುದಾದ ಬಾವು, ನರಕ್ಕೆ ಪೆಟ್ಟು, ಮಾಂಸ ಕೊಳೆಯುವುದು ಇವುಗಳ ಭಯವೂ ಇದರಲ್ಲಿಲ್ಲ. ಇನ್ನು ಪಿತ್ತನಾಳದ ಕಲ್ಲು ತೆಗೆಯುವುದಕ್ಕಾಗಿ ಬಾಯಿಯಿಂದ ದರ್ಶಕನಳಿಕೆಯನ್ನು ಇಳಿಸುವ ಚಿಕಿತ್ಸೆಯ ಬಳಿಕ ಮೇದೋಜೀರಕ ಗ್ರಂಥಿಗೆ ಉರಿಯೂತ ಬರುವುದು ವೈದ್ಯರಿಗೆ ಬಹುಕಾಲದ ತಲೆನೋವಾಗಿತ್ತು. ೨೦೧೨ರಲ್ಲಿ ಪ್ರಕಟವಾದ, ಅಪಾಯ ಹೆಚ್ಚಿರುವ ೬೦೨ ರೋಗಿಗಳನ್ನು ಒಳಗೊಂಡ ಅಧ್ಯಯನವೊಂದರಲ್ಲಿ, ಚಿಕಿತ್ಸೆ ಮುಗಿದ ಕೂಡಲೆ ೧೦೦ ಮಿಲಿಗ್ರಾಂ ಇಂಡೊಮೆಥಾಸಿನ್ ವರ್ತಿಯಾಗಿ ಪಡೆದವರಲ್ಲಿ ಈ ಕಾಯಿಲೆ ಶೇಕಡಾ ೯.೨ ಮಂದಿಗೂ, ಹುಸಿವರ್ತಿ ಪಡೆದವರಲ್ಲಿ ಶೇಕಡಾ ೧೬.೯ ಮಂದಿಗೂ ಬಂದಿತು. ಕೆಲವೇ ರೂಪಾಯಿಯ ಔಷಧ, ಒಂದೇ ಒಂದು ಸಲ, ಅಷ್ಟರಿಂದ ಇಷ್ಟು ಫಲ! ಒಂದು ಸಲಕ್ಕೆ ಅಮೃತವಾದದ್ದನ್ನು ಮೂರು ತಿಂಗಳು ನಿತ್ಯ ಇಟ್ಟುಕೊಳ್ಳುವುದು ಮಾತ್ರ ಬೇರೆ ವಿಚಾರ.

ಇಡುವ ಕ್ರಮದ ಬಗೆಗೆ ಒಂದೆರಡು ಮಾತು. ಹೊದಿಕೆಯನ್ನು ಬಿಡಿಸಿಯೇ ಇಡಬೇಕೆಂದು ಹೇಳುವುದು ಹಾಸ್ಯವೆನಿಸಬಹುದು, ಆದರೆ ಹೊದಿಕೆಸಹಿತ ಇಟ್ಟುಕೊಂಡು ಗುದವನ್ನು ಸೀಳಿಕೊಂಡವರಿದ್ದಾರೆ; ನುಂಗಿಬಿಟ್ಟವರೂ ಇದ್ದಾರೆ. ಮೆತ್ತಗಾಗಿದ್ದರೆ ತಣ್ಣೀರಿನಲ್ಲಿ ಕೊಂಚ ಹೊತ್ತು ಹಿಡಿದು ಗಟ್ಟಿಮಾಡಿ, ಮಲವಿಸರ್ಜನೆಯಾದ ಮೇಲೆ, ಎಡಮಗ್ಗುಲಾಗಿ ಮಲಗಿ ಮೊಣಕಾಲು ಮಡಿಸಿ ಇಡುವುದು ವಾಡಿಕೆ. ಆಮೇಲೆ ಕಾಲು ಗಂಟೆಯಾದರೂ ಏಳದಿರುವುದು ಒಳ್ಳೆಯದು. ಚೂಪಾದ ಕೊನೆ ಮುಂದಾಗಿ ಇಡಬೇಕೆಂದು ಎಲ್ಲರೂ ನಂಬಿರುವಾಗ, ಈಜಿಪ್ಟಿನ ವೈದ್ಯರು ೧೯೯೧ರಲ್ಲಿ ಮೊಂಡಾದ ಕೊನೆಯನ್ನೇ ಮುಂದುಮಾಡಿ ಇಟ್ಟು ನೋಡಿ, ಹಾಗಿಟ್ಟರೆ ಗುದದ ಸ್ನಾಯು ಅದನ್ನು ತಾನಾಗಿ ಒಳಗೆಳೆದುಕೊಳ್ಳುವುದೆಂದೂ, ಜಾರಿ ಹೊರಬರುವುದು ಕಡಿಮೆಯೆಂದೂ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅಲ್ಲಿಂದೀಚೆಗೆ ನರ್ಸುಗಳಲ್ಲಿ ಎರಡು ಪಂಥಗಳಾಗಿವೆ. ಗುಣ ಎರಡರಲ್ಲಿಯೂ ಒಂದೇ ಆಗಿರುವುದರಿಂದ ಆ ವಿವಾದದಲ್ಲಿ ರೋಗಿಯು ತಲೆಹಾಕಬೇಕಾದುದಿಲ್ಲ.

ಮಲ ಕಪ್ಪಾದರೆ, ಗುದದಿಂದ ರಕ್ತ ಕಂಡರೆ, ಮೂತ್ರ ಕಡಿಮೆಯಾಗಿ ಕಾಲು ಮುಖ ಊದಿದರೆ, ಎದೆ ಬಿಗಿದರೆ, ಉಸಿರು ಕಟ್ಟಿದರೆ, ಕಣ್ಣು ಹಳದಿಯಾದರೆ, ಮೈಮೇಲೆ ದದ್ದು ಗುಳ್ಳೆಗಳೆದ್ದರೆ ಮುಂದಿನ ವರ್ತಿಯನ್ನಿಡದೆ ವೈದ್ಯರನ್ನು ಕಾಣಬೇಕು. ಕಾಣುವಾಗ ಸಂಕೋಚವನ್ನು ಬದಿಗಿಟ್ಟು, ಎಷ್ಟು ದಿನದಿಂದ, ದಿನಕ್ಕೆಷ್ಟು, ಜೊತೆಗೆ ನುಂಗಿದ್ದೇನೇನು ಎಂಬುದನ್ನು ಹೇಳಬೇಕು, ಸಾಧ್ಯವಾದರೆ ಖಾಲಿ ಹೊದಿಕೆಗಳನ್ನೇ ಒಯ್ದು ತೋರಿಸಬೇಕು. ಇನ್ನು, ಐದರ ಪಟ್ಟಿಯಲ್ಲಿ ಮೂರು ಖರ್ಚಾಗಿ ಎರಡು ಮಿಕ್ಕಾಗ, ಅವು ಫ್ರಿಜ್ಜಿನ ಬಾಗಿಲಿನ ಅರೆಯಲ್ಲಿ ಮೊಟ್ಟೆಗಳ ಮಗ್ಗುಲಲ್ಲಿ ತಿಂಗಳುಗಟ್ಟಲೆ ಕುಳಿತಿದ್ದು, ಊರಿನಿಂದ ಮಂಡಿನೋವಿನ ಅತ್ತೆಯವರು ಬಂದಿಳಿದ ರಾತ್ರಿ ನೆನಪಿಗೆ ಬರುವುದುಂಟು. ಅತ್ತೆಯವರಿಗೆ ರಕ್ತದೊತ್ತಡದ ಮಾತ್ರೆ ಯಾವುದು, ಹಿಂದೆಂದಾದರೂ ಹುಣ್ಣಾಗಿತ್ತೆ, ಹೃದಯದ ವೈದ್ಯರು ಏನು ಹೇಳಿದ್ದಾರೆ ಎಂಬುದನ್ನು ಕೇಳುವುದಕ್ಕೆ ಮೊದಲೇ ಆ ವರ್ತಿಯು ಫ್ರಿಜ್ಜಿನಿಂದ ಹೊರಗೆ ಬರಬಾರದು.